ಬೆಡ್ ಇಲ್ಲ ಎಂದು ಹೇಳುತ್ತಿದ್ದವಳು

ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಹಿರಿಯ ನರ್ಸ್ ಆಗಿದ್ದೆ. ನನ್ನ ಹುದ್ದೆಯ ಹೆಸರು ಉದ್ದವಾಗಿತ್ತು. ಕೆಲಸ ಮಾತ್ರ ಫೋನ್ ಎತ್ತುವುದು. ಪಲ್ಲಡಂ, ಉಡುಮಲೈ, ಪೊಳ್ಳಾಚಿ, ತಿರುಪ್ಪೂರು, ಎಲ್ಲ ಕಡೆಯ ಸಣ್ಣ ಆಸ್ಪತ್ರೆಗಳವರು ಕೈಮೀರಿದ ರೋಗಿಯನ್ನು ಕಳಿಸುವ ಮುನ್ನ ನನಗೆ ಫೋನ್ ಮಾಡುತ್ತಿದ್ದರು. ಐಸಿಯುನಲ್ಲಿ ಬೆಡ್ ಇದೆಯಾ, ವೆಂಟಿಲೇಟರ್ ಇದೆಯಾ ಎಂದು ಕೇಳುತ್ತಿದ್ದರು. ನನ್ನ ಮೇಜಿನ ಮೇಲೊಂದು ಪರದೆ. ಅದರಲ್ಲಿ ಬೆಡ್‌ಗೊಂದರಂತೆ ಚೌಕ. ರೋಗಿ ಇದ್ದರೆ ಕೆಂಪು, ಖಾಲಿಯಾಗಿದ್ದರೆ ಹಸಿರು. ಹಸಿರು ಕಂಡರೂ ಇದೆ ಎನ್ನುವ ಅಧಿಕಾರ ನನಗಿರಲಿಲ್ಲ. ಐಸಿಯು ಮುಖ್ಯಸ್ಥರಾದ ಡಾಕ್ಟರನ್ನು ಕೇಳಬೇಕಿತ್ತು. ಅವರು ಬೇಡವೆಂದರೆ ನಾನು ಫೋನಿನಲ್ಲಿ ‘ಬೆಡ್ ಇಲ್ಲ’ ಎನ್ನಬೇಕಿತ್ತು. ‘ಬೇಡ’ ಎನ್ನುವ ಹಾಗಿರಲಿಲ್ಲ. ‘ಇಲ್ಲ’ ಎನ್ನಬೇಕು.

ಯಾಕೆ ಬೇಡ ಎನ್ನುತ್ತಿದ್ದರು? ದುಡ್ಡಿಗೆ ಎಂದು ಜನ ಅಂದುಕೊಳ್ಳುತ್ತಾರೆ. ಅದೂ ಇರುತ್ತದೆ, ಆದರೆ ನಾನು ಕಂಡದ್ದು ಬೇರೆ. ನಮ್ಮ ಐಸಿಯುಗೆ ಬಂದವರಲ್ಲಿ ಎಷ್ಟು ಮಂದಿ ಸತ್ತರು ಎಂಬುದನ್ನು ಪ್ರತಿ ತಿಂಗಳು ಒಂದು ಸಭೆಯಲ್ಲಿ ಗೋಡೆಯ ಮೇಲೆ ತೋರಿಸುತ್ತಿದ್ದರು. ಆ ಗೆರೆ ಮೇಲೇರಿದರೆ ಮುಖ್ಯಸ್ಥರ ಮುಖ ಕಪ್ಪಾಗುತ್ತಿತ್ತು. ಆದ್ದರಿಂದ ಸಾಯುವಂತೆ ಕಾಣುವವರು ಬೇರೆ ಕಡೆ ಸಾಯಲಿ ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಿಯಮವಾಗಿತ್ತು. ಐಸಿಯು ಇರುವುದು ಸಾಯುವಂತಿರುವವರಿಗಾಗಿಯೇ ಅಲ್ಲವೇ? ಇದನ್ನು ನಾನು ಆಗ ಕೇಳಲಿಲ್ಲ. ಎರಡು ವರ್ಷ ಆ ಕುರ್ಚಿಯಲ್ಲಿ ಕೂತೆ, ಎರಡು ವರ್ಷವೂ ಕೇಳಲಿಲ್ಲ. ಈಗ ಬರೆಯುವಾಗ ಬರುವ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಉಡುಮಲೈ ಹತ್ತಿರದ ಹಳ್ಳಿ. ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತದ್ದೂ ತಮಿಳೇ. ಕನ್ನಡದ ಅಕ್ಷರ ಕಲಿತದ್ದು ನರ್ಸಿಂಗ್ ಮುಗಿಸಿ ಮೈಸೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದಾಗ, ಔಷಧಿ ಅಂಗಡಿಯ ಬೋರ್ಡುಗಳನ್ನು ಓದಿ ಓದಿ.

ಆ ದಿನ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಫೋನ್ ಬಂತು. ಗಂಡಸಿನ ದನಿ. ಹರಕು ಮುರುಕು ತಮಿಳು. ವಾಲ್ಪಾರೈ ಬೆಟ್ಟದ ಮೇಲಿನ ಒಂದು ಟೀ ಎಸ್ಟೇಟಿನ ಆಸ್ಪತ್ರೆಯ ಡಾಕ್ಟರು. ಎಲೆ ಕೀಳುತ್ತಿದ್ದ ಹೆಂಗಸಿಗೆ ಏನೋ ಕಚ್ಚಿದೆ ಎಂದು ಹೇಳಲು ಹೊರಟರು, ಆ ‘ಏನೋ’ದ ಹೆಸರು ತಮಿಳಿನಲ್ಲಿ ಹೊಳೆಯಲಿಲ್ಲ.

“ಜೇನು... ದೊಡ್ಡದು... ಅಯ್ಯೋ, ಹೆಜ್ಜೇನಿಗೆ ಏನಂತಾರೆ ಇಲ್ಲಿ?”

“ಗೊತ್ತಾಯ್ತು, ಹೆಜ್ಜೇನು. ಹೇಳಿ ಡಾಕ್ಟ್ರೇ,” ಎಂದೆ.

“ಕನ್ನಡದೋರಾ ಸಿಸ್ಟರ್? ಸದ್ಯ!” ಎಂದವರು ಉಸಿರು ಬಿಡದೆ ಹೇಳತೊಡಗಿದರು. “ನಲವತ್ತರ ಆಸುಪಾಸಿನ ಹೆಂಗಸು. ಮುಖ, ಕುತ್ತಿಗೆ, ಬೆನ್ನು, ಎಲ್ಲ ಕಡೆ ಕಚ್ಚಿದಾವೆ. ನಾನು, ನಮ್ಮ ಸಿಸ್ಟರ್ ಸೇರಿ ಇನ್ನೂರು ಮುಳ್ಳು ಕಿತ್ತಿದೀವಿ, ಇನ್ನೂ ಇದಾವೆ. ಗಂಟಲು ಬಾತು ಉಸಿರೇ ನಿಲ್ತಾ ಇತ್ತು, ಟ್ಯೂಬ್ ಹಾಕಿದೀನಿ. ಔಷಧಿ ಓಡ್ತಾ ಇದ್ರೂ ಬಿಪಿ ನಿಲ್ತಿಲ್ಲ. ನನ್ನ ಹತ್ರ ವೆಂಟಿಲೇಟರ್ ಇಲ್ಲ. ಕೈಯಲ್ಲಿ ಬ್ಯಾಗ್ ಒತ್ತಿ ಉಸಿರು ಕೊಡ್ತಾ ಇದೀನಿ. ಇಷ್ಟು ವಿಷ ಹೋಗಿದೆ ಅಂದ್ರೆ ನಾಳೆ ನಾಡಿದ್ದರಲ್ಲಿ ಕಿಡ್ನಿನೂ ಕೈ ಕೊಡುತ್ತೆ, ಡಯಾಲಿಸಿಸ್ ಬೇಕಾಗುತ್ತೆ. ನಿಮ್ಮಲ್ಲಿ ಬೆಡ್ ಇದೆಯಾ?”

ಪರದೆ ನೋಡಿದೆ. ಏಳನೆಯದು ಹಸಿರು. ಹನ್ನೊಂದನೆಯದು ಹಸಿರು.

“ಒಂದು ನಿಮಿಷ ಇರಿ,” ಎಂದು ಒಳಗಿನ ಫೋನಿನಲ್ಲಿ ಮುಖ್ಯಸ್ಥರನ್ನು ಹಿಡಿದೆ. ಎಲ್ಲವನ್ನೂ ಹೇಳಿದೆ. ಅವರು ತಮಿಳಿನಲ್ಲಿ, ಬೇಸರದ ದನಿಯಲ್ಲಿ ಕೇಳಿದರು: ಟ್ಯೂಬ್ ಹಾಕಿದ ರೋಗಿ, ಬಿಪಿ ಇಲ್ಲ, ನಲವತ್ತು ತಿರುವು ಇಳಿದು ಮೂರು ತಾಸಿನ ದಾರಿ ಬರಬೇಕು, ಬರುವಾಗ ಜೀವ ಇರುತ್ತದೆಂದು ಯಾರು ಹೇಳಿದರು? ನಮ್ಮ ಬಾಗಿಲಲ್ಲಿ ಸಾಯುತ್ತಾಳೆ, ಸರ್ಟಿಫಿಕೇಟಿಗೆ ಸಹಿ ನಾನು ಹಾಕಬೇಕು. “ಇಲ್ಲೈನ್ನು ಸೊಲ್ಲುಂಗ.”

ಇಲ್ಲ ಎಂದು ಹೇಳಿ. ನಾನು ಹೇಳಿದೆ.

“ಬೆಡ್ ಇಲ್ಲ ಡಾಕ್ಟ್ರೇ.”

ಅವರು ಜಗಳ ಆಡಲಿಲ್ಲ. “ನನಗೆ ಇದು ನಾಲ್ಕನೇ ‘ಇಲ್ಲ’ ಸಿಸ್ಟರ್,” ಎಂದರು. “ಎಲ್ಲಿ ಇದೆ, ಅದನ್ನಾದ್ರೂ ಹೇಳಿ.”

ನನಗೆ ಗೊತ್ತಿರಲಿಲ್ಲ. ಎಂಥ ನಾಚಿಕೆಗೇಡು ನೋಡಿ. ಇಷ್ಟು ದೊಡ್ಡ ಊರು. ಒಂದು ಬೀದಿಯಲ್ಲಿ ಎರಡು ಆಸ್ಪತ್ರೆ. ಯಾವ ಆಸ್ಪತ್ರೆಯಲ್ಲಿ ಈ ಹೊತ್ತು ಯಾವ ಬೆಡ್ ಖಾಲಿ ಎಂದು ಹೇಳಬಲ್ಲವರು ಒಬ್ಬರೂ ಇಲ್ಲ. ಆರ್.ಎಸ್. ಪುರಂನಲ್ಲಿ ಸೀರೆ ಕೊಳ್ಳಲು ಹೋದರೆ, ನಮ್ಮಲ್ಲಿ ಆ ಬಣ್ಣ ಇಲ್ಲ, ಪಕ್ಕದ ಅಂಗಡಿಯಲ್ಲಿದೆ ನೋಡಿ ಎಂದು ಅಂಗಡಿಯವನು ತೋರಿಸುತ್ತಾನೆ. ಉಸಿರು ನಿಲ್ಲುತ್ತಿರುವ ಹೆಂಗಸನ್ನು ಎಲ್ಲಿಗೆ ಒಯ್ಯಬೇಕೆಂದು ತೋರಿಸಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

“ನಾನು ಆಂಬುಲೆನ್ಸ್ ಹತ್ತುತಾ ಇದೀನಿ,” ಎಂದರು ಡಾಕ್ಟರು. “ಇಲ್ಲಿ ಕೂತ್ರೆ ಖಂಡಿತ ಸಾಯ್ತಾಳೆ. ಕೆಳಗೆ ಇಳಿಯೋದ್ರೊಳಗೆ ಎಲ್ಲಿಗೆ ಹೋಗಬೇಕು ಅಂತ ನೀವು ಹೇಳಿ. ನನಗೆ ಈ ಊರಲ್ಲಿ ಬೇರೆ ಯಾರೂ ಗೊತ್ತಿಲ್ಲ.” ತಮ್ಮ ಮೊಬೈಲ್ ನಂಬರ್ ಹೇಳಿ ಫೋನ್ ಇಟ್ಟರು.

ನಾನು ನನ್ನ ಸ್ವಂತ ಮೊಬೈಲ್ ತೆಗೆದುಕೊಂಡು ಎಕ್ಸ್‌ರೇ ಕೋಣೆಯ ಹಿಂದಿನ ಮೆಟ್ಟಿಲಿಗೆ ಹೋದೆ. ಬೇರೆ ಆಸ್ಪತ್ರೆಗಳಲ್ಲಿ ನನ್ನ ಹಾಗೆಯೇ ಫೋನ್ ಎತ್ತುವ ಸಿಸ್ಟರುಗಳಲ್ಲಿ ಕೆಲವರ ಪರಿಚಯ ನನಗಿತ್ತು. ಒಬ್ಬೊಬ್ಬರಿಗೇ ಮಾಡಿದೆ. ಒಂದು ಕಡೆ ಕೇಳಿ ಹೇಳುತ್ತೇವೆ ಎಂದರು, ಇವತ್ತಿಗೂ ಹೇಳಿಲ್ಲ. ಇನ್ನೊಂದು ಕಡೆ ಟ್ಯೂಬ್ ಎನ್ನುವ ಮಾತು ಕೇಳಿದ ತಕ್ಷಣ ಇಲ್ಲ ಎಂದರು. ಮೂರನೆಯ ಕಡೆ ಫೋನ್ ಎತ್ತಿದವಳು ನನ್ನ ಜೊತೆ ಓದಿದವಳು. ನಾನು ಕೇಳಿದ್ದಕ್ಕೆ ಅವಳೂ ಮೊದಲು ಇಲ್ಲ ಎಂದಳು.

“ಲೇ, ನಾನು,” ಎಂದು ತಮಿಳಿನಲ್ಲಿ ಗದರಿದೆ. “ನನಗೂ ಅದೇ ಪಾಠ ಒಪ್ಪಿಸುತ್ತೀಯಾ?”

ಅವಳು ದನಿ ತಗ್ಗಿಸಿದಳು. “ನಾಲು ಇರುಕ್ಕು. ಆನಾ ಇಲ್ಲೈನ್ನು ಸೊಲ್ಲಚ್ಚೊನ್ನಾಂಗ.” ನಾಲ್ಕು ಖಾಲಿ ಇದೆ, ಆದರೆ ಇಲ್ಲ ಎನ್ನಲು ಹೇಳಿದ್ದಾರೆ.

ಕೊನೆಗೆ ಸರ್ಕಾರಿ ದೊಡ್ಡಾಸ್ಪತ್ರೆಗೆ ಮಾಡಿದೆ. ಅಲ್ಲಿನ ಸಿಸ್ಟರಿಗೆ ಮಾತಾಡಲೂ ಪುರುಸೊತ್ತಿಲ್ಲ. ಹಿಂದೆ ಯಾರೋ ಕೂಗುತ್ತಿದ್ದರು. “ವೆಂಟಿಲೇಟರ್ ಒಂದೂ ಖಾಲಿ ಇಲ್ಲಮ್ಮ, ನಿಜವಾಗಿಯೂ ಇಲ್ಲ,” ಎಂದರು. “ಕರೆದುಕೊಂಡು ಬರಲಿ. ನಾವು ವಾಪಸ್ ಕಳಿಸುವುದಿಲ್ಲ. ನೆಲದ ಮೇಲೆ ಮಲಗಿಸಿ ಯಾರನ್ನಾದರೂ ಬ್ಯಾಗ್ ಒತ್ತಲು ಕೂರಿಸುತ್ತೇವೆ.”

ತುಂಬಿ ತುಳುಕುತ್ತಿರುವ ಆಸ್ಪತ್ರೆ ಬನ್ನಿ ಎನ್ನುತ್ತಿದೆ. ಎರಡು ಹಸಿರು ಚೌಕ ಇಟ್ಟುಕೊಂಡ ನಾನು ಇಲ್ಲ ಎಂದಿದ್ದೇನೆ. ಆ ಮೆಟ್ಟಿಲ ಮೇಲೆ ನಿಂತು ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಹಿಂದೆ ಎಂದೂ ಬಂದಿರಲಿಲ್ಲ. ಡಾಕ್ಟರ ನಂಬರ್ ಒತ್ತಿದೆ. ಆಂಬುಲೆನ್ಸ್ ಮೇಲಿನ ತಿರುವುಗಳಲ್ಲಿತ್ತು. ಸೈರನ್ನು, ಬ್ರೇಕಿನ ಕಿರ್ರೆನ್ನುವ ಸದ್ದು, ನಡುವೆ ಯಾರೋ ತಮಿಳಿನಲ್ಲಿ ಎಣಿಸುತ್ತಿರುವುದು ಕೇಳಿಸಿತು.

“ಡಾಕ್ಟ್ರೇ, ಎಲ್ಲೂ ನಿಲ್ಲಬ್ಯಾಡಿ. ನೇರಾ ನಮ್ಮ ಗೇಟಿಗೇ ಬಂದ್ಬುಡಿ.”

“ಬೆಡ್ ಇಲ್ಲ ಅಂದ್ರಲ್ಲ?”

“ಅದೆ. ಎರಡು ಅದೆ. ನಾ ಪೊಯ್ ಹೇಳ್ದೆ.”

“ಏನು? ಪೊಯ್ ಅಂದ್ರೆ?”

ನಮ್ಮ ಮನೆಯ ಕನ್ನಡದಲ್ಲಿ ಆ ತಮಿಳು ಮಾತು ಎಷ್ಟು ಬೆರೆತಿದೆ ಎಂದರೆ, ಅದು ಅವರಿಗೆ ತಿಳಿಯದೆಂದು ನನಗೆ ಹೊಳೆದೇ ಇರಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಸುಳ್ಳು. ಸುಳ್ಳು ಹೇಳ್ದೆ ನಿಮಗೆ.”

ಆ ಕಡೆ ಬರೀ ಎಣಿಕೆ. ಒಣ್ಣು, ರೆಂಡು, ಮೂಣು. ಆಮೇಲೆ ಅವರು, “ಸರಿ. ಜಗಳ ಆಮೇಲೆ ಆಡ್ತೀನಿ. ಆಕ್ಸಿಜನ್ ಒಂದೇ ಸಿಲಿಂಡರ್ ಇದೆ, ಪೊಳ್ಳಾಚಿ ದಾಟೋದು ಕಷ್ಟ,” ಎಂದರು.

ಪೊಳ್ಳಾಚಿಯಲ್ಲಿ ನಾನು ಕೆಲಸ ಕಲಿತ ಒಂದು ಸಣ್ಣ ನರ್ಸಿಂಗ್ ಹೋಮ್ ಇದೆ. ಅದರ ಡಾಕ್ಟರಿಗೆ ಎಪ್ಪತ್ತು ದಾಟಿದೆ. ಫೋನ್ ಮಾಡಿ ಎರಡು ಮಾತಿನಲ್ಲಿ ಹೇಳಿದೆ. ಅವರು ಏನೂ ಕೇಳಲಿಲ್ಲ, ಗಾಡಿಯ ಬಣ್ಣ ಯಾವುದು ಎಂದಷ್ಟೇ ಕೇಳಿದರು. ಸಿಲಿಂಡರನ್ನು ತಳ್ಳುಗಾಡಿಯಲ್ಲಿ ಇಡಿಸಿಕೊಂಡು, ಕೊಡೆ ಹಿಡಿದು, ಬಿಸಿಲಲ್ಲಿ ಮುಕ್ಕಾಲು ಗಂಟೆ ಮೇನ್ ರೋಡಿನಲ್ಲಿ ನಿಂತಿದ್ದರಂತೆ. ಗಾಡಿ ನಿಂತದ್ದು ಎರಡು ನಿಮಿಷ. ಸಿಲಿಂಡರ್ ಬದಲಾಯಿಸುವಾಗ ತಾವೇ ಒಳಗೆ ಬಗ್ಗಿ ಆ ಹೆಂಗಸಿನ ನಾಡಿ ಹಿಡಿದು ನೋಡಿ, “ಇರುಕ್ಕು, ಪೋಂಗ” ಎಂದು ಬಾಗಿಲು ತಟ್ಟಿ ಕಳಿಸಿದರಂತೆ. ನಾಡಿ ಇದೆ, ಹೋಗಿ.

ಇಷ್ಟೇ ನೋಡಿ ಬೇಕಾಗಿದ್ದದ್ದು. ಒಬ್ಬರು ರಸ್ತೆಗೆ ಬಂದು ನಿಲ್ಲುವುದು. ಒಂದು ಫೋನು. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಿರಲಿಲ್ಲ.

ತುರ್ತು ವಿಭಾಗದಲ್ಲಿ ಆ ಹೊತ್ತು ಡ್ಯೂಟಿಯಲ್ಲಿದ್ದ ಡಾಕ್ಟರು ಒಬ್ಬ ಹೆಣ್ಣುಮಗಳು. ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, “ನನಗೆ ನೀವು ಏನೂ ಹೇಳಿಲ್ಲ. ಗಾಡಿ ಬಂದರೆ ನಾನು ನೋಡಲೇಬೇಕು, ಅದು ನನ್ನ ಡ್ಯೂಟಿ,” ಎಂದಳು. ಹೇಳಿದವಳೇ ಎದ್ದು ಹೋಗಿ ವೆಂಟಿಲೇಟರನ್ನು ಮೊದಲ ಕೋಣೆಗೆ ತಳ್ಳಿಸಿದಳು. ಔಷಧಿಗಳನ್ನು ಸಿರಿಂಜಿಗೆ ತುಂಬಿಸಿದಳು, ರಕ್ತ ಪರೀಕ್ಷೆಯ ಚೀಟಿಗಳನ್ನು ಬರೆದಿಟ್ಟಳು. ಊಟದ ಹೊತ್ತಾದರೂ ನಾವಿಬ್ಬರೂ ಕದಲಲಿಲ್ಲ.

ಒಂದೂವರೆ ದಾಟಿತ್ತು. ಊರೊಳಗೆ ಬಂದಿದ್ದೇವೆ, ಉಕ್ಕಡಂ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡಿದ್ದೇವೆ ಎಂದು ಫೋನ್ ಬಂದಾಗ ನಾನು ಗೇಟಿಗೆ ಹೋಗಿ ನಿಂತೆ. ಸೈರನ್ ಕೇಳಿಸಿತು. ಗಾಡಿ ನಿಂತು ಹಿಂದಿನ ಬಾಗಿಲು ತೆರೆಯಿತು.

ನಾನು ಇಪ್ಪತ್ತು ವರ್ಷದಲ್ಲಿ ಎಂಥೆಂಥದೋ ನೋಡಿದ್ದೇನೆ. ಅವಳಿಗೆ ಮುಖವೇ ಇರಲಿಲ್ಲ. ಕಣ್ಣು, ಮೂಗು, ತುಟಿ ಎಲ್ಲ ಬಾತು ಒಂದಾಗಿದ್ದವು. ಕಿವಿಯೊಳಗೆ, ಕೂದಲ ಬುಡದಲ್ಲಿ ಕಪ್ಪು ಮುಳ್ಳುಗಳು ಹಾಗೆಯೇ ಇದ್ದವು. ತಲೆಯ ಬಳಿ ಮಂಡಿಯೂರಿ ಕೂತು ಬ್ಯಾಗ್ ಒತ್ತುತ್ತಿದ್ದವನು ಡಾಕ್ಟರಲ್ಲ, ಅವಳ ಗಂಡ. ಅವನೂ ಎಸ್ಟೇಟಿನ ಕೆಲಸಗಾರ. ದಾರಿಯಲ್ಲಿ ಡಾಕ್ಟರ ಹೆಬ್ಬೆರಳು ಹಿಡಿದುಕೊಂಡು ಮಡಚಲು ಬಾರದಂತಾದಾಗ ಅವನಿಗೆ ಕಲಿಸಿದ್ದರಂತೆ. ಮೂರು ಎಣಿಸು, ಒಮ್ಮೆ ಒತ್ತು. ಅವನು ಬೆಟ್ಟದ ಮೇಲಿನ ತಿರುವುಗಳಿಂದ ಇಲ್ಲಿಯವರೆಗೂ ಎಣಿಸಿಕೊಂಡೇ ಬಂದಿದ್ದ. ಸ್ಟ್ರೆಚರ್ ಇಳಿಸುವಾಗಲೂ ಬಿಡದೆ ಪಕ್ಕದಲ್ಲಿ ಓಡುತ್ತಾ ಒತ್ತುತ್ತಿದ್ದ. ಒಳಗೆ ವೆಂಟಿಲೇಟರ್ ಜೋಡಿಸಲು ಡ್ಯೂಟಿ ಡಾಕ್ಟರು ಬ್ಯಾಗ್ ಕೇಳಿದರೆ ಕೊಡಲೊಲ್ಲ. “ನಿಲ್ಲಿಸಿದರೆ ಹೋಗಿಬಿಡುತ್ತಾಳೆ,” ಎಂದು ಅದನ್ನೇ ಹೇಳುತ್ತಿದ್ದ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಐಸಿನಂತಿದ್ದವು.

ಅಷ್ಟರಲ್ಲಿ ಮುಖ್ಯಸ್ಥರು ಬಂದರು. ಯಾರೋ ಹೇಳಿರಬೇಕು. ರೋಗಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ಇವರನ್ನು ಬರಲು ಹೇಳಿದ್ದು ಯಾರು?”

“ನಾನು ಸರ್.”

“ಇಲ್ಲಿ ಮೊದಲ ಚಿಕಿತ್ಸೆ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿ. ಮೇಲೆ ಜಾಗ ಇಲ್ಲ.”

ಎಸ್ಟೇಟ್ ಡಾಕ್ಟರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮೂವತ್ತೂ ಆಗಿರದ, ಗಡ್ಡ ಬಿಟ್ಟ ಹುಡುಗ. ಶರ್ಟಿನ ತುಂಬ ವಾಂತಿಯ ಕಲೆ. ತಲೆ ಎತ್ತಿ ನನ್ನನ್ನು ನೋಡಿದರು. ಈಗ ಏನು ಹೇಳುತ್ತೀಯ ಎನ್ನುವ ಹಾಗಿತ್ತು ಆ ನೋಟ.

ಆ ಆಸ್ಪತ್ರೆಯವರೊಂದಿಗೆ ನಾನು ತಮಿಳು ಬಿಟ್ಟು ಬೇರೆ ಮಾತಾಡಿದ್ದಿಲ್ಲ, ಸರ್ ಎನ್ನದೆ ಮುಖ್ಯಸ್ಥರೊಂದಿಗೆ ಮಾತು ಮುಗಿಸಿದ್ದಿಲ್ಲ. ಅವತ್ತು ಬಾಯಿ ತೆರೆದರೆ ಬಂದದ್ದು ನಮ್ಮ ಅಡಿಗೆಮನೆಯ ಕನ್ನಡ. “ಜಾಗ ಇಲ್ವಾ? ಏಳು ಖಾಲಿ ಅದೆ, ಹನ್ನೊಂದು ಖಾಲಿ ಅದೆ! ಬೆಳಗ್ಗಿಂದ ಅದೆ! ಈ ಯಮ್ಮನ ಉಸುರು ಗಂಡನ ಕೈಯಲ್ಲಿ ಬಂದದೆ, ಕಣ್ಬುಟ್ಟು ನೋಡು ಒಂದ್ಸಲ!” ಎಂದು ಕೂಗಿದೆ. ಹೊರಗಿನ ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತರು. ಒಂದಿಬ್ಬರು ಮೊಬೈಲ್ ಎತ್ತಿ ಹಿಡಿದರು. ಅವರಿಗೆ ನನ್ನ ಮಾತು ಪೂರ್ತಿ ಅರ್ಥವಾಗಿರಲಾರದು. ಆದರೆ ಏಳು ಎಂಬುದು ಎರಡೂ ಭಾಷೆಯಲ್ಲಿ ಏಳೇ. ಎತ್ತಿ ಹಿಡಿದ ಮೊಬೈಲುಗಳು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತವೆ.

ಮುಖ್ಯಸ್ಥರು ಆ ಮೊಬೈಲುಗಳನ್ನು ನೋಡಿದರು. ಆಮೇಲೆ ಡ್ಯೂಟಿ ಡಾಕ್ಟರಿಗೆ, “ಏಳಕ್ಕೆ ಹಾಕಿ,” ಎಂದು ಹೇಳಿ ಹೊರಟುಹೋದರು.

ನಾಲ್ಕು ದಿನ ವೆಂಟಿಲೇಟರ್. ಎರಡನೆಯ ದಿನವೇ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನಿಂತುಹೋಯಿತು. ಎಸ್ಟೇಟ್ ಡಾಕ್ಟರು ಹೇಳಿದ್ದ ಹಾಗೆಯೇ. ಮೂರು ವಾರ ಡಯಾಲಿಸಿಸ್ ಮಾಡಬೇಕಾಯಿತು. ಬದುಕಿದಳು. ಒಂದು ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಮ್ಮೆ ಒಳಗೆ ಸೇರಿಸಿಕೊಂಡ ಮೇಲೆ ನಮ್ಮ ಐಸಿಯುನವರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು, ಮುಖ್ಯಸ್ಥರೂ ಸೇರಿ. ಆ ಮನುಷ್ಯನ ಕೈ ಒಳ್ಳೆಯದು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಬದುಕಿಸಲು ಬಾರದವನು ಬಾಗಿಲು ಹಾಕಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ.

ಟ್ಯೂಬ್ ತೆಗೆದ ಮರುದಿನ ಅವಳನ್ನು ನೋಡಲು ಹೋದೆ. ಕಣ್ಣು ಸ್ವಲ್ಪ ಬಿಟ್ಟಿದ್ದಳು. ದನಿ ಒಡೆದು ಹೋಗಿತ್ತು. ನಾನು ಯಾರೆಂದು ಕೇಳಲಿಲ್ಲ. “ಅಂದ ಪೊಣ್ಣು ಎಪ್ಪಡಿ ಇರುಕ್ಕಾ?” ಎಂದಳು. ಆ ಹುಡುಗಿ ಹೇಗಿದ್ದಾಳೆ?

ಯಾವ ಹುಡುಗಿ ಎಂದು ನನಗೆ ತಿಳಿಯಲಿಲ್ಲ. ಗಂಡ ಹೇಳಿದ. ಪಕ್ಕದ ಸಾಲಿನಲ್ಲಿ ಎಲೆ ಕೀಳುತ್ತಿದ್ದವಳು ಏಳು ತಿಂಗಳ ಬಸುರಿ. ಹೆಜ್ಜೇನು ಎದ್ದಾಗ ಎಲ್ಲರೂ ಇಳಿಜಾರಿನಲ್ಲಿ ಓಡಿದರು, ಅವಳಿಗೆ ಓಡಲಾಗಲಿಲ್ಲ. ಇವಳು ತನ್ನ ಸೊಂಟಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ ಅವಳನ್ನು ಗಿಡಗಳ ನಡುವೆ ಕೂರಿಸಿ ಮುಚ್ಚಿದಳು. ಹಾಳೆ ಹಾರದಂತೆ ಮೇಲೆ ತಾನು ಬೋರಲು ಬಿದ್ದುಕೊಂಡಳು. ಬೆನ್ನಿನ ಮೇಲೆ ಅಷ್ಟು ಮುಳ್ಳು ಇದ್ದದ್ದು ಅದಕ್ಕೆ.

“ಚೆನ್ನಾಗಿದ್ದಾಳೆ. ಒಂದೂ ಕಚ್ಚಿಲ್ಲ,” ಎಂದು ಗಂಡ ಅವಳಿಗೆ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು.

ನಾನು ಹೊರಗೆ ಬಂದು ಕೈತೊಳೆಯುವ ತೊಟ್ಟಿಯ ಬಳಿ ನಿಂತೆ. ಇಂಥವಳಿಗೆ ನಾನು ಇಲ್ಲ ಎಂದಿದ್ದೆ. ಗೋಡೆಯ ಮೇಲಿನ ಒಂದು ಗೆರೆ ಕೆಳಗಿರಲಿ ಎಂದು.

ಆ ವಾರವೇ ವಿಚಾರಣೆ ಆಯಿತು. ಏಸಿ ಕೋಣೆ, ಮೇಜಿನ ಆಚೆ ಮೂವರು. ಅನುಮತಿ ಇಲ್ಲದೆ ರೋಗಿಯನ್ನು ಕರೆಸಿದ್ದು, ಹಿರಿಯ ವೈದ್ಯರನ್ನು ಎಲ್ಲರೆದುರು ಅವಮಾನಿಸಿದ್ದು, ಒಳಗಿನ ವಿಷಯ ಹೊರಗೆ ಹೇಳಿದ್ದು. ಎಲ್ಲಕ್ಕೂ ಹೌದು ಎಂದೆ. ಆಗ ಆಡಳಿತದವರು ಒಂದು ಪ್ರಶ್ನೆ ಕೇಳಿದರು. “ಆ ಡಾಕ್ಟರು ನಿಮ್ಮ ಭಾಷೆಯವರು ಅಂತ ಇಷ್ಟೆಲ್ಲ ಮಾಡಿದಿರಿ, ಅಲ್ಲವೇ?”

“ಅಲ್ಲ,” ಎಂದೆ, ಗಟ್ಟಿಯಾಗಿ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಇನ್ನೊಂದು ಫೋನ್ ನೆನಪಾಯಿತು. ಎಸ್ಟೇಟ್ ಡಾಕ್ಟರ ಫೋನಿಗೂ ಒಂದು ತಿಂಗಳ ಮುಂಚೆ, ಊರಂಚಿನ ಪೋತ್ತನೂರಿನಿಂದ ಒಬ್ಬರು ಫೋನ್ ಮಾಡಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು. ಮಗಳಿಗೆ ಜ್ವರ ಏರಿ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದೆ, ಹತ್ತಿರದ ಕ್ಲಿನಿಕ್ಕಿನವರು ಐಸಿಯುಗೆ ಒಯ್ಯಿರಿ ಎಂದಿದ್ದಾರೆ ಎಂದರು. ಒಳ್ಳೆಯ, ಮರ್ಯಾದೆಯ ತಮಿಳು. ಮಾತಿಗೊಮ್ಮೆ ನನ್ನನ್ನು ಅಮ್ಮಾ ಎನ್ನುತ್ತಿದ್ದರು. ಅವತ್ತೂ ಹಸಿರು ಚೌಕ ಇತ್ತು. ಮುಖ್ಯಸ್ಥರನ್ನು ಕೇಳಿದೆ, ಬೇಡ ಎಂದರು, ಇಲ್ಲ ಎಂದೆ. ಅವರು “ಪರವಾಯಿಲ್ಲೈಮ್ಮಾ” ಎಂದು ಫೋನ್ ಇಟ್ಟರು. ನಾನು ಎದ್ದು ಹೋಗಿ ಕಾಫಿ ಕುಡಿದೆ. ಅವರಿಗಾಗಿ ಯಾವ ಮೆಟ್ಟಿಲಿಗೂ ಹೋಗಲಿಲ್ಲ, ಯಾವ ಗೆಳತಿಗೂ ಫೋನ್ ಮಾಡಲಿಲ್ಲ. ಆ ಮಗು ಏನಾಯಿತೋ ನನಗೆ ಗೊತ್ತಿಲ್ಲ. ನಂಬರ್ ಕೂಡ ಬರೆದುಕೊಂಡಿರಲಿಲ್ಲ.

ಆಡಳಿತದವರು ನನ್ನನ್ನು ಚುಚ್ಚಲು ಕೇಳಿದ ಪ್ರಶ್ನೆ ಅದು. ಆದರೆ ಅದರಲ್ಲಿ ನಿಜವಿತ್ತು. ಫೋನಿನಲ್ಲಿ ‘ಹೆಜ್ಜೇನು’ ಎಂಬ ಒಂದು ಮಾತು ಕೇಳಿಸದಿದ್ದರೆ ನಾನು ಅವತ್ತೂ ಕಾಫಿ ಕುಡಿಯುತ್ತಿದ್ದೆನೇನೋ. ಒಬ್ಬ ಹೆಂಗಸು ಬದುಕುವುದು, ಬಿಡುವುದು ಫೋನ್ ಎತ್ತಿದವಳ ಮನೆಮಾತಿನ ಮೇಲೆ ನಿಂತಿದೆ ಎಂದರೆ ಅದನ್ನು ವ್ಯವಸ್ಥೆ ಎಂದು ಕರೆಯಬಹುದೇ?

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಪೋತ್ತನೂರಿನದನ್ನೂ ಹೇಳಿದೆ. ಅಮ್ಮ ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ.

“ಅವರು ಹೇಳು ಅಂದ್ರೆ ನೀ ಹೇಳ್ಬುಡೋದಾ?” ಎಂದಳು. “ನಿನ್ನ ಬಾಯಿ ತಾನೆ ಅದು?”

ನನ್ನನ್ನು ಫೋನಿನ ಮೇಜಿನಿಂದ ಎಬ್ಬಿಸಿ ಹೆಲ್ತ್ ಚೆಕಪ್ ವಿಭಾಗಕ್ಕೆ ಹಾಕಿದರು. ಅಲ್ಲಿ ಏನೂ ಕಾಯಿಲೆ ಇಲ್ಲದವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಆಮೇಲೆ ಇಡ್ಲಿ ತಿಂದು ಹೋಗುತ್ತಾರೆ. ಅವರಿಗೆ ಎಂದೂ ಜಾಗ ಇಲ್ಲ ಎಂದದ್ದಿಲ್ಲ. ಐದು ತಿಂಗಳು ಅಲ್ಲಿದ್ದೆ. ಆಮೇಲೆ ಬಿಟ್ಟೆ. ಈಗ ಪೊಳ್ಳಾಚಿಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲೇ ಇದ್ದೇನೆ. ಈಗ ಫೋನ್ ಮಾಡಿ ಬೆಡ್ ಕೇಳುವವಳು ನಾನು, ಇಲ್ಲ ಎನಿಸಿಕೊಳ್ಳುವವಳೂ ನಾನು.

ಎಸ್ಟೇಟ್ ಡಾಕ್ಟರು ಹೇಳಿದ ಮಾತಿಗೆ ತಪ್ಪಲಿಲ್ಲ. ಆ ಹೆಂಗಸು ಡಿಸ್ಚಾರ್ಜ್ ಆಗುವ ದಿನ ಬೆಟ್ಟದಿಂದ ಇಳಿದು ಬಂದರು, ಜಗಳ ಆಡಿದರು. ಕ್ಯಾಂಟೀನಿನಲ್ಲಿ ಎದುರು ಕೂತು, ಟೀ ಆರುವವರೆಗೂ ಮುಟ್ಟದೆ.

“ನೀವು ಎಲ್ಲರ ಹತ್ರ ಒಳ್ಳೇವರು ಅನ್ನಿಸ್ಕೊಂಡಿದೀರಿ. ನನಗೆ ಮಾತ್ರ ನಿಮ್ಮ ಆ ಮೊದಲನೇ ‘ಇಲ್ಲ’ ಮರೆಯಕ್ಕಾಗಲ್ಲ ಸಿಸ್ಟರ್. ಅವತ್ತು ಬಿಪಿ ಇನ್ನೊಂಚೂರು ಇಳಿದಿದ್ರೆ ನಾನು ಹೊರಡ್ತಾನೇ ಇರಲಿಲ್ಲ. ನಿಮ್ಮ ಮಾತು ನಂಬಿ ಅಲ್ಲೇ ಕೂತಿರ್ತಿದ್ದೆ.”

“ಹೌದು,” ಎಂದೆ.

“ಅಷ್ಟೇನಾ?”

“ಕ್ಷಮಿಸಿ ಅಂತ ಕೇಳಕ್ಕೂ ನಂಗೆ ಮೊಗ ಇಲ್ಲ ಡಾಕ್ಟ್ರೇ. ಇನ್ನು ಮ್ಯಾಲೆ ಹೇಳಲ್ಲ. ಅಷ್ಟೇ.”

ಅವರು ತಲೆಯಾಡಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ಮುಂದಿನ ವರ್ಷ ಓದು ಮುಂದುವರಿಸಲು ಊರಿಗೆ ಹೋದರು ಎಂದು ಕೇಳಿದೆ. ಆ ಹೆಂಗಸು ಮತ್ತೆ ಎಸ್ಟೇಟಿಗೆ ಹೋದಳು. ಇಳಿಜಾರಿನಲ್ಲಿ ಎಲೆ ಕೀಳಲು ಈಗ ಅವಳಿಗಾಗುವುದಿಲ್ಲ, ನರ್ಸರಿಯಲ್ಲಿ ಸಸಿಗೆ ಮಣ್ಣು ತುಂಬುವ ಕೆಲಸ ಕೊಟ್ಟಿದ್ದಾರೆ. ತಪಾಸಣೆಗೆ ಬಸ್ಸಿನಲ್ಲಿ ಇಳಿದು ಬರುವಾಗ ಪೊಳ್ಳಾಚಿಯಲ್ಲಿ ನನ್ನನ್ನು ನೋಡಿ ಹೋಗುತ್ತಾಳೆ. ಅವಳಿಗೆ ಮೊದಲ ‘ಇಲ್ಲ’ದ ಕಥೆ ನಾನೇ ಹೇಳಿದೆ. ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಮುಂದಿನ ಸಲವೂ ಬಂದಳು.

ನಾನು ಆಸ್ಪತ್ರೆ ಬಿಡುವ ಮೊದಲೇ, ನಾಲ್ಕು ಬೆಡ್ ಖಾಲಿ ಇದ್ದೂ ಇಲ್ಲ ಎಂದಿದ್ದ ನನ್ನ ಆ ಗೆಳತಿ ಒಂದು ದಿನ ಮನೆಗೆ ಬಂದಿದ್ದಳು. ನಾವಿಬ್ಬರೂ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿದೆವು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಫೋನ್ ಎತ್ತುವ ನರ್ಸುಗಳು ಮಾತ್ರ ಅದರಲ್ಲಿದ್ದಾರೆ. ಬೆಳಗ್ಗೆ ಡ್ಯೂಟಿಗೆ ಬಂದ ತಕ್ಷಣ ಒಂದು ಸಂಖ್ಯೆ ಹಾಕುತ್ತಾರೆ. ಹೆಸರಿಲ್ಲ, ರೋಗಿಯ ವಿಷಯ ಇಲ್ಲ, ಖಾಲಿ ಇರುವ ಬೆಡ್ ಎಷ್ಟು ಎಂದಷ್ಟೇ. ಸಂಖ್ಯೆ ಇದ್ದರೂ ಎಷ್ಟೋ ಸಲ ಬಾಗಿಲು ತೆರೆಯುವುದಿಲ್ಲ. ಆದರೆ ಈಗ ಇಲ್ಲ ಎಂದವರಿಗೆ, ಇದೆಯಲ್ಲ ಎನ್ನಲು ನಮಗೆ ಗೊತ್ತಿರುತ್ತದೆ. ಗೊತ್ತಿದೆ ಎಂದು ತಿಳಿದ ಮೇಲೆ ಅವರ ದನಿ ಬದಲಾಗುವುದನ್ನು ನಾನು ಕೇಳಿದ್ದೇನೆ.

ಇದು ನರ್ಸುಗಳು ಕದ್ದು ಮಾಡಬೇಕಾದ ಕೆಲಸವೇ? ಊರಿಗೆ ಊರೇ ನೋಡುವಂತೆ ಬಹಿರಂಗವಾಗಿ ಇರಬೇಕಾದ ಸಂಖ್ಯೆ ಅದು. ಹೋದ ತಿಂಗಳು ಒಂದು ಆಸ್ಪತ್ರೆಯವರಿಗೆ ಗುಂಪಿನ ಸುಳಿವು ಸಿಕ್ಕಿತು. ಸಿಬ್ಬಂದಿ ಯಾರೂ ಬೆಡ್‌ಗಳ ಮಾಹಿತಿಯನ್ನು ಹೊರಗೆ ಕೊಡಕೂಡದು, ಕೊಟ್ಟರೆ ಕ್ರಮ ಕೈಗೊಳ್ಳಲಾಗುವುದು ಎಂದು ಸುತ್ತೋಲೆ ಅಂಟಿಸಿದರು. ಅಲ್ಲಿನ ಸಿಸ್ಟರ್ ಅದರ ಫೋಟೋ ತೆಗೆದು ಗುಂಪಿಗೇ ಹಾಕಿದಳು. ಅದರ ಕೆಳಗೆ, ಇವತ್ತು ನಮ್ಮಲ್ಲಿ ಮೂರು ಎಂದು ಬರೆದಿದ್ದಳು.